ಈ ದಿನ, ಆ ಹಾಡು: ಡಿಸೆಂಬರ್ 29 ಮತ್ತು ನಮ್ಮೂರಿನ ಅಶ್ವಥ್

ಚನ್ನರಾಯಪಟ್ಟಣದಿಂದ ಮಾತಾಡ್ತಿದ್ದೀನಿ. ಹಿಂದೆ ಬಿಎಂ ರೋಡಿನ ಲಾರಿ ಹಾರನ್ ಕೇಳಿಸಿದ್ರೆ ಕ್ಷಮಿಸಿ, ನನ್ನ ಸ್ಟುಡಿಯೋ ಅಂದ್ರೆ ನಮ್ಮನೆ ಮಹಡಿ ಮೇಲಿನ ಕೊಬ್ಬರಿ ಕೋಣೆ. ಮೂಟೆಗಳಿರೋದ್ರಿಂದ ಪ್ರತಿಧ್ವನಿ ಬರಲ್ಲ ಅನ್ನೋದೊಂದೇ ಅನುಕೂಲ.

ಪ್ರತಿ ಸಲದ ಹಾಗೆ ಕ್ಯಾಲೆಂಡರಿನಿಂದ ಒಂದು ತಾರೀಖು ಎತ್ಕೊಳ್ಳೋದು, ಆ ದಿನ ಏನಾಯ್ತು, ಅದಕ್ಕೆ ಅಂಟಿಕೊಂಡಿರೋ ಹಾಡು ಯಾವುದು ಅಂತ ನೋಡೋದು. ಇವತ್ತು ಡಿಸೆಂಬರ್ 29.

ಪ್ರಪಂಚದ ಲೆಕ್ಕ ಬೇಗ ಮುಗಿಸಿಬಿಡ್ತೀನಿ. 1890ರ ಈ ದಿನ ಅಮೆರಿಕದ ಸೈನ್ಯ ವೂಂಡೆಡ್ ನೀ ಎಂಬಲ್ಲಿ ಲಕೋಟಾ ಮೂಲನಿವಾಸಿಗಳನ್ನು, ಹೆಂಗಸರು ಮಕ್ಕಳೆನ್ನದೆ, ಗುಂಡಿಟ್ಟು ಕೊಂದಿತು. 1911ರಲ್ಲಿ ಸನ್ ಯಾತ್ ಸೆನ್ ಚೀನಾ ಗಣರಾಜ್ಯದ ತಾತ್ಕಾಲಿಕ ಅಧ್ಯಕ್ಷರಾಗಿ ಆಯ್ಕೆಯಾದರು. 1930ರಲ್ಲಿ ಕವಿ ಇಕ್ಬಾಲ್ ಅಲಹಾಬಾದಿನಲ್ಲಿ ಮುಸ್ಲಿಂ ಲೀಗ್ ಅಧ್ಯಕ್ಷ ಭಾಷಣ ಮಾಡಿದರು. ಅವರು ಬರೆದ ಹಾಡನ್ನು ನಮ್ಮ ಸೈನ್ಯದ ಬ್ಯಾಂಡ್ ಇವತ್ತಿಗೂ ನುಡಿಸುತ್ತೆ, ಅವರನ್ನು ರಾಷ್ಟ್ರಕವಿ ಅಂತ ಕರೆಯೋದು ಮಾತ್ರ ಪಾಕಿಸ್ತಾನ. ಒಂದು ಹಾಡು ಯಾರದ್ದು ಅನ್ನೋ ಪ್ರಶ್ನೆ ಇವತ್ತಿನ ಸಂಚಿಕೆಯಲ್ಲಿ ಇನ್ನೊಂದು ಸಲ ಬರುತ್ತೆ, ಅದಕ್ಕೇ ಹೇಳಿದೆ.

ಈಗ ನಮ್ಮ ಲೆಕ್ಕ. 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರುಮನೆಯಲ್ಲಿ, ಕುವೆಂಪು ಹುಟ್ಟಿದರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು, 1967ರಲ್ಲಿ, ‘ಶ್ರೀ ರಾಮಾಯಣ ದರ್ಶನಂ’ ಕೃತಿಗೆ. ಇದೆಲ್ಲ ನಿಮಗೆ ಪರೀಕ್ಷೆಗೆ ಬಂದಿರುತ್ತೆ. 2017ರ ಡಿಸೆಂಬರ್ 29ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಡೂಡಲ್ ಹಾಕಿತ್ತು, ಅದರ ಸ್ಕ್ರೀನ್‌ಶಾಟ್ ನಿಮ್ಮ ಹಳೇ ಫೋನಿನಲ್ಲಿ ಇದ್ದರೂ ಇರಬಹುದು.

ಸರಿಯಾಗಿ 35 ವರ್ಷ ಆದಮೇಲೆ, 1939ರ ಅದೇ ಡಿಸೆಂಬರ್ 29ರಂದು, ಇನ್ನೊಬ್ಬರು ಹುಟ್ಟಿದರು. ಎಲ್ಲಿ? ಇಲ್ಲೇ, ಚನ್ನರಾಯಪಟ್ಟಣದಲ್ಲಿ. ಸಿ. ಅಶ್ವಥ್.

ಪಿಯುಸಿ ಮುಗಿಯೋವರೆಗೂ ನನಗಿದು ಗೊತ್ತಿರಲಿಲ್ಲ ಅಂತ ಒಪ್ಪಿಕೊಳ್ತೀನಿ. ಮೊನ್ನೆ ಬಸ್‌ಸ್ಟ್ಯಾಂಡ್ ಹತ್ತಿರ ಟೀ ಅಂಗಡಿಯಲ್ಲಿ ನಾಲ್ಕು ಹುಡುಗರನ್ನ ಕೇಳಿದೆ, ‘ಅಶ್ವಥ್ ಯಾವೂರವ್ರು ಗೊತ್ತೇನ್ರೋ?’ ಒಬ್ಬ ಧಾರವಾಡ ಅಂದ. ಅವನ ತಪ್ಪಲ್ಲ. ಶಿಶುನಾಳ ಶರೀಫರ ತತ್ವಪದಗಳನ್ನ ಅಶ್ವಥ್ ಹಾಡಿರೋ ರೀತಿ ಕೇಳಿದ್ರೆ ಆ ಗಂಟಲು ಶಿಗ್ಗಾವಿಯಲ್ಲೇ ಹುಟ್ಟಿದ್ದು ಅನ್ನಿಸುತ್ತೆ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಲ್ಲಿ, ನಾಗಾಭರಣ ಅವರ ನಿರ್ದೇಶನ, ಶ್ರೀಧರ್ ಶರೀಫರಾಗಿ ಕಾಣಿಸಿಕೊಂಡರೆ ಬಾಯಿಂದ ಬರೋದು ಅಶ್ವಥ್ ದನಿ. ಮನೆಯ ಮಾಳಿಗೆ ಸೋರೋ ಹಾಡು, ಕೋಳಿ ಕೋತಿಯನ್ನ ನುಂಗೋ ಹಾಡು. ಶರೀಫರು 1889ರಲ್ಲಿ ತೀರಿಕೊಂಡವರು. ಅವರ ಪದಗಳು ಭಜನೆ ಮಂಡಳಿಗಳ ಬಾಯಲ್ಲಿ ಉಳಿದಿದ್ದವು. ಹಳೇ ಮೈಸೂರಿನ ಮನೆಮನೆಗೆ ಅವು ಬಂದದ್ದು ಕ್ಯಾಸೆಟ್ಟಿನಲ್ಲಿ, ಈ ದನಿಯಲ್ಲಿ.

ಆ ಮನುಷ್ಯ ಹಗಲು ಹೊತ್ತು ಏನು ಮಾಡ್ತಿದ್ರು ಗೊತ್ತಾ? ಬೆಂಗಳೂರಿನ ಐಟಿಐನಲ್ಲಿ ನೌಕರಿ. ಟೆಲಿಫೋನ್ ತಯಾರಿಸುತ್ತಿದ್ದ ಕಾರ್ಖಾನೆ ಅದು. ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ಓದಿ, ಕೆಲಸಕ್ಕೆ ಸೇರಿ, 27 ವರ್ಷ ದುಡಿದರು. ನಾಟಕದ ಸಂಗೀತ, ‘ಕಾಕನ ಕೋಟೆ’ ಸಿನಿಮಾ, ಎಲ್. ವೈದ್ಯನಾಥನ್ ಜೊತೆ ಸೇರಿ ‘ಅಶ್ವಥ್–ವೈದಿ’ ಹೆಸರಿನಲ್ಲಿ ಮಾಡಿದ ಸಿನಿಮಾಗಳು, ಕ್ಯಾಸೆಟ್ಟುಗಳು, ಬಹುಪಾಲು ಎಲ್ಲವೂ ಕೆಲಸ ಮುಗಿಸಿಕೊಂಡು ಬಂದಮೇಲೆ. ಹಗಲು ಜಿಎಸ್‌ಟಿ ರಿಟರ್ನ್ ಫೈಲ್ ಮಾಡಿ ರಾತ್ರಿ ಮೈಕ್ ಮುಂದೆ ಕೂರೋ ನನ್ನಂಥ ಬಿಕಾಂ ಹುಡುಗನಿಗೆ ಈ ವಿಷಯ ಎಷ್ಟು ಧೈರ್ಯ ಕೊಡುತ್ತೆ ಅಂತ ಹೇಳಕ್ಕಾಗಲ್ಲ.

ಅಪ್ಪನ ಹತ್ರ ‘ಮೈಸೂರು ಮಲ್ಲಿಗೆ’ ಕ್ಯಾಸೆಟ್ ಇತ್ತು. ಕೊಬ್ಬರಿ ಗಾಡಿಯ ಟೇಪಿನಲ್ಲಿ ಹಾಕ್ತಿದ್ರು. ಶ್ರವಣಬೆಳಗೊಳ ದಾಟಿ ಕೆ.ಆರ್. ಪೇಟೆ ಕಡೆ ಹೋದ್ರೆ ಕಿಕ್ಕೇರಿ ಸಿಗುತ್ತೆ. ಅಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ 1942ರಲ್ಲಿ ತಂದ ಕವನ ಸಂಕಲನ ಅದು. ಅದಕ್ಕೆ ಸ್ವರ ಹಾಕಿದವರು ಈ ಕಡೆ ಚನ್ನರಾಯಪಟ್ಟಣದವರು. ಕಿಕ್ಕೇರಿ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರ್ತೀವಿ.

ಈಗ 2006. ಡಿಸೆಂಬರ್ 29, ಶುಕ್ರವಾರ. ‘ಮುಂಗಾರು ಮಳೆ’ ಬಿಡುಗಡೆ. ಯೋಗರಾಜ್ ಭಟ್ಟರ ಸಿನಿಮಾ, ಗಣೇಶ್ ನಾಯಕ, ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮಿಯಾಗಿದ್ದ ಮನೋಮೂರ್ತಿ ಅವರ ಸಂಗೀತ. ನಮ್ಮ ಜಿಲ್ಲೆಯ ಸಕಲೇಶಪುರದಲ್ಲೂ ಚಿತ್ರೀಕರಣ ಆಗಿತ್ತು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷ ದಾಟಿ ಓಡಿತು. ಆಗ ನಾನು ಪ್ರೈಮರಿ ಸ್ಕೂಲು. ಊರಿನ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಕ್ಕೆ ಕ್ಯೂ. ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ಆ ಹಾಡು ನಮ್ಮ ಬೀದಿಯಲ್ಲಿ ಹತ್ತು ಜನಕ್ಕೆ ರಿಂಗ್‌ಟೋನ್. ಯಾರದೋ ಫೋನು ಬಂದ್ರೆ ಹತ್ತೂ ಜನ ಜೇಬು ಮುಟ್ಟಿಕೊಳ್ತಿದ್ರು.

ಒಂದು ಸೂಕ್ಷ್ಮ ವ್ಯತ್ಯಾಸ ಗಮನಿಸಿ. ಸಿನಿಮಾದಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು, ಮಾತು ಆಮೇಲೆ. ಅಳತೆ ಕೊಡ್ತಾರೆ, ಕವಿ ಹೊಲಿದುಕೊಡಬೇಕು. ಭಾವಗೀತೆಯಲ್ಲಿ ಉಲ್ಟಾ. ಪದ್ಯ ಐವತ್ತು ವರ್ಷದ ಹಿಂದೆಯೇ ಅಚ್ಚಾಗಿರುತ್ತೆ, ಒಂದಕ್ಷರ ಅಲ್ಲಾಡಿಸೋ ಹಾಗಿಲ್ಲ, ಸ್ವರ ಹಾಕುವವನೇ ಬಗ್ಗಬೇಕು. ಒಂದೇ ಪದ್ಯಕ್ಕೆ ಇಬ್ಬರು ಬೇರೆ ಬೇರೆ ಥರ ಬಗ್ಗಿದರೆ? ಅಲ್ಲೇ ಜಗಳ ಶುರು.

ಕುವೆಂಪು ಅವರ ಒಂದು ಕವಿತೆಯನ್ನು ರಾಜ್ಯ ಸರ್ಕಾರ 2004ರ ಜನವರಿ 6ರಂದು ನಾಡಗೀತೆ ಅಂತ ಘೋಷಿಸಿತು. ಮಾತು ಅಧಿಕೃತವಾಯ್ತು, ಧಾಟಿ ಆಗಲಿಲ್ಲ. ಮೈಸೂರು ಅನಂತಸ್ವಾಮಿ ಅವರ ಧಾಟಿ ಮೊದಲಿನಿಂದಲೂ ಬಳಕೆಯಲ್ಲಿತ್ತು. ಅವರು ತೀರಿಕೊಂಡದ್ದು 1995ರಲ್ಲಿ, ತಮ್ಮ ರಾಗದ ಹಾಡು ನಾಡಗೀತೆ ಆದದ್ದನ್ನು ಅವರು ನೋಡಲಿಲ್ಲ. ಅಶ್ವಥ್ ಅವರದ್ದು ಇನ್ನೊಂದು ಧಾಟಿ. 2005ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ರು ಅಂತ ಪತ್ರಿಕೆಗಳು ಬರೆದವು. ಸಿನಿಮಾ ತಾರೆಯ ಹೆಸರಿಗಲ್ಲ, ಬರೀ ಕವಿತೆ ಕೇಳೋಕೆ ಅಷ್ಟು ಜನ! ಕೊರಳುಗಳೆಲ್ಲ ಒಟ್ಟಾಗಿ ಏರುವ ಅವರ ನಾಡಗೀತೆಯನ್ನ ಹೆಡ್‌ಫೋನ್ ಹಾಕ್ಕೊಂಡು ಒಮ್ಮೆ ಕೇಳಿ.

ಹೀಗೆ ಎರಡು ಧಾಟಿ ಜೊತೆಜೊತೆಗೆ ನಡೆದವು. ಸಮಿತಿಗಳು ಆದವು. ಶಾಲೆಗಳಲ್ಲಿ ಟೀಚರ್‌ಗೆ ಯಾವುದು ಬರುತ್ತೋ ಅದು. ನಮ್ಮ ಸ್ಕೂಲಿನ ಪ್ರೇಯರ್‌ನಲ್ಲಿ ಮೊದಲ ಸಾಲು ಒಂದು ಧಾಟಿಯಲ್ಲಿ ಶುರುವಾಗಿ ಮೂರನೇ ಚರಣದ ಹೊತ್ತಿಗೆ ಇನ್ನೊಂದಕ್ಕೆ ಜಾರಿರೋದು. ಬಿಸಿಲಲ್ಲಿ ನಿಂತ ಸಣ್ಣ ಮಕ್ಕಳು ಕಾಲು ಬದಲಾಯಿಸ್ತಾ ಇರ್ತಿದ್ವು.

2022ರ ಸೆಪ್ಟೆಂಬರಿನಲ್ಲಿ ಸರ್ಕಾರದ ಆದೇಶ ಬಂತು: ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡ್, ಆಲಾಪ ಇಲ್ಲ, ಸಾಲು ಮರುಕಳಿಸುವಂತಿಲ್ಲ. ಇದನ್ನು ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಿದವರು ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ, ಅಶ್ವಥ್ ಅವರ ಶಿಷ್ಯ. ಅದೇ ಕಿಕ್ಕೇರಿ. ಅನಂತಸ್ವಾಮಿ ಇಡೀ ಕವಿತೆಗೆ ರಾಗ ಹಾಕಿರಲಿಲ್ಲ ಅನ್ನೋದು ಅವರ ವಾದ. ವಿಚಾರಣೆ ಹೊತ್ತಿನಲ್ಲಿ ಕೋರ್ಟ್ ಹಾಲ್‌ನಲ್ಲೇ ಅವರು ಹಾಡಿ ತೋರಿಸಿದ್ದು ಸುದ್ದಿಯಾಗಿತ್ತು. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅರ್ಜಿ ವಜಾ ಮಾಡಿದರು. ಆದೇಶ ಉಳಿಯಿತು.

ನನ್ನ ಅಭಿಪ್ರಾಯ ಕೇಳಿದ್ರೆ ಊರಿನವರು ಬೇಜಾರಾಗಬಹುದು. ಮಕ್ಕಳಿಗೆ ಅನಂತಸ್ವಾಮಿ ಧಾಟಿಯೇ ಸುಲಭ. ಅಶ್ವಥ್ ಧಾಟಿಗೆ ಉಸಿರು ಬೇಕು, ತಾಲೀಮು ಬೇಕು, ಅದು ವೇದಿಕೆಯ ಹಾಡು. ರಾಷ್ಟ್ರಗೀತೆ 52 ಸೆಕೆಂಡಿನಲ್ಲಿ ಮುಗಿಯೋವಾಗ ನಾಡಗೀತೆಗೂ ಒಂದು ಅಳತೆ ಬೇಕು ಅನ್ನೋದು ನ್ಯಾಯವೇ. ಆದ್ರೆ ನನಗೆ ಚುಚ್ಚೋದು ಬೇರೆ. ಆದೇಶ ಬಂದಮೇಲೆ ಶಾಲೆಯಲ್ಲಿ ಒಂದೇ ಧಾಟಿ ಕಲಿಸ್ತಾರೆ. ನನ್ನ ಅಕ್ಕನ ಮಗಳು ಇದೇ ಊರಲ್ಲಿ ನಾಲ್ಕನೇ ಕ್ಲಾಸು. ಅವಳಿಗೆ ಅಶ್ವಥ್ ಧಾಟಿ ಕೇಳಿಸಿದೆ. ‘ಮಾಮ, ಇದು ತಪ್ಪು ಹಾಡ್ತಿದ್ದಾರೆ’ ಅಂದ್ಲು.

ಕುವೆಂಪು ತೀರಿಕೊಂಡದ್ದು 1994ರಲ್ಲಿ. ನಮ್ಮ ಕಾನೂನಿನ ಪ್ರಕಾರ ಲೇಖಕರು ಹೋದಮೇಲೆ 60 ವರ್ಷ ಕಾಪಿರೈಟ್, ಅಂದ್ರೆ 2054ರ ಕೊನೆವರೆಗೂ ಆ ಪದ್ಯಕ್ಕೆ ವಾರಸುದಾರರಿದ್ದಾರೆ. ಇದು ಕಾಮರ್ಸ್ ಹುಡುಗನ ಲೆಕ್ಕ. ಆದ್ರೆ ‘ಇದು ತಪ್ಪು’ ಅಂತ ಒಂದು ಮಗು ಅಂದ್ರೆ, ಆ ನಷ್ಟವನ್ನ ಯಾವ ಲೆಡ್ಜರಿನಲ್ಲಿ ಬರೀಲಿ?

ಕೊನೆಯದು, 2009. ಆಸ್ಪತ್ರೆಯಲ್ಲಿದ್ದ ಅಶ್ವಥ್ ಬೆಂಗಳೂರಿನಲ್ಲಿ ತೀರಿಕೊಂಡರು. ತಾರೀಖು ಡಿಸೆಂಬರ್ 29, ಮಂಗಳವಾರ. ಅವರ 70ನೇ ಹುಟ್ಟುಹಬ್ಬದ ದಿನ. ಅಪ್ಪ ಟೀವಿ ಮುಂದೆ ಸುಮ್ಮನೆ ಕೂತಿದ್ರು. ಮಾರನೇ ದಿನ ಬೆಳಗಾಗೋ ಹೊತ್ತಿಗೆ ಮೈಸೂರಿನಲ್ಲಿ ವಿಷ್ಣುವರ್ಧನ್ ಹೋದ ಸುದ್ದಿ. ಅಂಗಡಿಗಳು ಬಾಗಿಲು ಹಾಕಿದವು, ಎಲ್ಲ ಚಾನೆಲ್‌ನಲ್ಲೂ ವಿಷ್ಣು. ನನಗಾಗ ಹನ್ನೆರಡು ವರ್ಷ, ನಾನೂ ವಿಷ್ಣು ಅಭಿಮಾನಿ, ಅತ್ತೆ. ನಮ್ಮೂರಿನವರಿಗೆ ಸಿಕ್ಕಿದ್ದು ಒಂದೇ ಒಂದು ದಿನದ ದುಃಖ ಅಂತ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ.

ಅಪ್ಪನ ಕ್ಯಾಸೆಟ್ ಈಗಲೂ ಇದೆ. ಟೇಪ್ ರೆಕಾರ್ಡರ್ ಬೆಲ್ಟ್ ಹೋಗಿದೆ. ರಿಪೇರಿ ಅಂಗಡಿಯವರು ಹಾಸನದಿಂದ ಬೆಲ್ಟ್ ತರಿಸ್ತೀನಿ, ಮುಂದಿನ ವಾರ ಬನ್ನಿ ಅಂದಿದ್ದಾರೆ. ಅಕ್ಕನ ಮಗಳನ್ನೂ ಕರ್ಕೊಂಡು ಹೋಗ್ತೀನಿ.

ಮುಂದಿನ ಸಂಚಿಕೆಗೆ ನಿಮ್ಮ ಹುಟ್ಟಿದ ತಾರೀಖು ಕಳಿಸಿ, ಒಂದನ್ನ ಎತ್ಕೊಳ್ತೀನಿ. ಸಿಗೋಣ.