ಕೊಡಚಾದ್ರಿಯ ನೆತ್ತಿಯಲ್ಲಿ ಕಡಲತಳ: ಶಿವಮೊಗ್ಗ ದ್ರೋಣಿಯ ಪಡುವಣ ಅಂಚು

ಸಾಗರ ತಾಲ್ಲೂಕಿನ ಕಡೆ ಬಾವಿ ತೋಡುವವರಿಗೆ ನೆಲದೊಳಗಿನ ಲೆಕ್ಕ ಬಾಯಿಪಾಠ: ಮೇಲೆ ಜಂಬಿಟ್ಟಿಗೆ, ಅದರಡಿ ಬಿಳಿಚಿದ ಶೇಡಿಮಣ್ಣು, ಆಮೇಲೆ ಹಾರೆಗೆ ಜಗ್ಗದ ಬಂಡೆ. ಭೂವಿಜ್ಞಾನಿಗಳ ಜಗಳ ಶುರುವಾಗುವುದು ಹಾರೆ ನಿಂತಲ್ಲಿಂದ. ಆ ಬಂಡೆ ಜೋಗದಲ್ಲಿ ಪಟ್ಟೆಪಟ್ಟೆಯ ನೈಸ್. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಲ್ಲಿ ಹಸಿರುಗಪ್ಪು ಲಾವಾಶಿಲೆ ಮತ್ತು ಕಬ್ಬಿಣದ ಪದರುಗಲ್ಲು. ಎರಡರಲ್ಲಿ ಹಳತು ಯಾವುದು?

1880ರ ದಶಕದಲ್ಲಿ ಈ ಪದರುಗಲ್ಲುಗಳಿಗೆ 'ಧಾರವಾಡ' ಎಂಬ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್, ಇವು ನೈಸ್‌ನ ಮೇಲೆ ಬಂದು ಕೂತ ಮರಳು-ಕೆಸರು ಎಂದೇ ನಂಬಿದ್ದರು. 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಗೆ ಅವರೇ ಮೊದಲ ಮುಖ್ಯಸ್ಥರು. ಅವರ ನಂತರ ಅದೇ ಇಲಾಖೆಯನ್ನು ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಮಾತನ್ನು ತಿರುವಿಹಾಕಿದರು. ಅವರ ಪ್ರಕಾರ ಧಾರವಾಡ ಶಿಲೆಗಳೇ ಹಳೆಯವು, ಬಹುಪಾಲು ಬೆಂಕಿಯಿಂದಲೇ ಹುಟ್ಟಿದವು; ನೈಸ್ ಆಮೇಲೆ ಕೆಳಗಿನಿಂದ ನುಗ್ಗಿದ್ದು; ಕಾಂಗ್ಲಾಮರೇಟ್ ಎಂಬ ಉಂಡೆಗಲ್ಲಿನ ಬಂಡೆಯಲ್ಲಿರುವ ಉರುಟುಗಲ್ಲುಗಳು ಹೊಳೆಯಲ್ಲಿ ಉರುಳಿದವಲ್ಲ, ಒತ್ತಡಕ್ಕೆ ನುರಿದ ಚೂರುಗಳು. ಇದನ್ನು ಒಪ್ಪಿದರೆ ಇಲ್ಲಿ ಮರಳು-ಕೆಸರು ತುಂಬಿಕೊಂಡ ದ್ರೋಣಿಯೇ ಇರಲಿಲ್ಲವೆಂದಾಯಿತು!

1930ರ ದಶಕದಲ್ಲಿ ಸಿ. ಎಸ್. ಪಿಚ್ಚಮುತ್ತು ಕಲ್ದುರ್ಗದ ಕಾಂಗ್ಲಾಮರೇಟ್ ಪರಿಶೀಲಿಸಿ, ಅದು ನಿಜಕ್ಕೂ ನೀರು ತಂದು ಪೇರಿಸಿದ್ದೇ ಎಂದು ವಾದಿಸಿದರು. ಬಾಬಾಬುಡನ್ ಸಾಲಿನ ಬೆಣಚುಕಲ್ಲಿನ ಮೇಲೆ ಇವತ್ತಿಗೂ ಅಲೆಯ ಗೀರು ಕಾಣುತ್ತದೆ. ಕೈಯಾಡಿಸಿದರೆ ಹೊಳೆದಂಡೆಯ ಮರಳಿನ ನೆನಪಾಗುತ್ತದೆ. 1981ರಲ್ಲಿ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ವಿಂಗಡಣೆಯನ್ನು ಗಟ್ಟಿಮಾಡಿದರು: ತೀರ ಹಳೆಯ ಸರಗೂರು ಶಿಲೆಗಳು ನೈಸ್‌ನೊಳಗೆ ಸಿಕ್ಕಿಕೊಂಡಿವೆ, ಧಾರವಾಡ ಶಿಲೆಗಳು ನೈಸ್‌ನ ಮೇಲೆ ಕೂತಿವೆ. ಹಾಗೆ ನೋಡಿದರೆ ಸ್ಮೀತ್ ಪೂರ್ತಿ ತಪ್ಪಿರಲಿಲ್ಲ. ಅವರು ಎರಡು ಕಾಲದ ಕಲ್ಲುಗಳನ್ನು ಒಂದೇ ಗಂಟಿಗೆ ಕಟ್ಟಿದ್ದರು. ಕಾಡು, ಜಂಬಿಟ್ಟಿಗೆ ಎಲ್ಲವನ್ನೂ ಮುಚ್ಚಿರುವ ಮಲೆನಾಡಿನಲ್ಲಿ ಅಂಥ ಗೊಂದಲ ಸಹಜ.

ಈಗ ಒಪ್ಪಿತವಾಗಿರುವ ಕತೆ ಹೀಗಿದೆ. 300 ಕೋಟಿ ವರ್ಷಕ್ಕೂ ಹಳೆಯ ನೈಸ್ ನೆಲ ಸುಮಾರು 290 ಕೋಟಿ ವರ್ಷಗಳ ಹಿಂದೆ ಹಿಗ್ಗಿ, ಸೀಳಿ, ತಗ್ಗಾಯಿತು. ಅದರಲ್ಲಿ ಮರಳು ತುಂಬಿತು, ಲಾವಾ ಹರಿಯಿತು. ಆ ತಗ್ಗನ್ನು ತುಂಬಿದ್ದ, ಆಮ್ಲಜನಕ ಕಡಿಮೆಯಿದ್ದ ಕಡಲಿನಲ್ಲಿ ಕರಗಿದ್ದ ಕಬ್ಬಿಣ, ಸಿಲಿಕಾದ ಜೊತೆ ಪದರಪದರವಾಗಿ ಇಳಿಯಿತು. ತಗ್ಗು ಆಳವಾದಂತೆ ಕೆಸರು ಸೇರಿತು. ಇದೇ ಪೇರಿಕೆಯಲ್ಲಿರುವ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಗೆ 261 ಕೋಟಿ ವರ್ಷ. ಸುಮಾರು 250 ಕೋಟಿ ವರ್ಷಗಳ ಹಿಂದೆ ಮೂಡಣದ ಭೂಖಂಡ ಒತ್ತಿದಾಗ ಇಡೀ ಪೇರಿಕೆ ಮಡಿಚಿ ನೆಟ್ಟಗೆ ನಿಂತಿತು. 1970ರ ದಶಕದಲ್ಲಿ ಕಾವಲಿ–ಉಡುಪಿ ರೇಖೆಯುದ್ದಕ್ಕೂ ಸಿಡಿಮದ್ದು ಸಿಡಿಸಿ ಅಲೆಗಳನ್ನು ಅಳೆದಾಗ, ಪಡುವಣದ ಭೂತೊಗಟೆ ಸುಮಾರು 40 ಕಿ.ಮೀ. ದಪ್ಪವೆಂದು ತಿಳಿಯಿತು. ಅದರ ಮುಂದೆ ದ್ರೋಣಿ ಮೇಲುಪದರ ಮಾತ್ರ.

1,343 ಮೀಟರ್ ಎತ್ತರದ ಕೊಡಚಾದ್ರಿಯಲ್ಲಿ ಕಾಲಿಗೆ ಸಿಗುವ ಕಬ್ಬಿಣದ ಪದರು ಆ ಕಡಲತಳದ್ದೇ. ಆದರೆ ಘಟ್ಟದ ಎತ್ತರ ಬಹಳ ಈಚಿನದು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಕಳಚಿಕೊಂಡ ಮೇಲಿನದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹಳೆಯ ಮಡಿಕೆಗಳ ಜಾಡಿನಂತೆ ವಾಯವ್ಯಕ್ಕೆ ಹರಿದು, ಜೋಗದಲ್ಲಿ ಪಡುವಣಕ್ಕೆ ತಿರುಗಿ 253 ಮೀಟರ್ ಧುಮುಕುತ್ತದೆ. ಅಲ್ಲಿ ನೀರು ಕೊರೆದು ತೋರಿಸುತ್ತಿರುವ ಗೋಡೆ ನೈಸ್‌ನದು, ಫೂಟ್ ಹೇಳಿದ್ದ ಅಡಿಪಾಯ.