ಐಷಾರಾಮಿ ಹೋಟೆಲುಗಳಲ್ಲಿ ಕೊಠಡಿ, ದರ್ಜೆ ಏರಿಕೆ ಮತ್ತು ಸೇವೆ: ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳ ಸಾರ್ವಜನಿಕರು ವಿವಾಹ, ವ್ಯಾಪಾರ, ವೈದ್ಯಕೀಯ ಚಿಕಿತ್ಸೆ ಮುಂತಾದ ಕಾರಣಗಳಿಗಾಗಿ ಮಂಗಳೂರು, ಮೈಸೂರು ಮತ್ತು ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ತಂಗುವ ಸಂದರ್ಭಗಳುಂಟು. ಇಂತಹ ಹೋಟೆಲುಗಳನ್ನು ಪರಸ್ಪರ ಹೋಲಿಸುವಾಗ ಯಾವ ಅಂಶಗಳನ್ನು ಗಮನಿಸಬೇಕು, ಬಿಲ್ಲಿನಲ್ಲಿ ಯಾವುದು ನಿಯಮಬದ್ಧ, ತಕರಾರು ಉಂಟಾದಲ್ಲಿ ಎಲ್ಲಿ ದೂರು ಸಲ್ಲಿಸಬೇಕು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ. ಯಾವುದೇ ಹೋಟೆಲನ್ನು ಶಿಫಾರಸು ಮಾಡುವುದು ಈ ಮಾಹಿತಿಯ ಉದ್ದೇಶವಲ್ಲ.

ದರ್ಜೆ ಎಂದರೇನು

‘ಡೀಲಕ್ಸ್’, ‘ಲಕ್ಷುರಿ’, ‘ಪ್ರೀಮಿಯಂ’ ಎಂಬ ಪದಗಳನ್ನು ಯಾವ ಹೋಟೆಲಾದರೂ ತನ್ನ ಫಲಕದ ಮೇಲೆ ಬರೆಸಿಕೊಳ್ಳಬಹುದು. ಅಧಿಕೃತ ದರ್ಜೆ ಎಂಬುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ನೀಡುವ ತಾರಾ ವರ್ಗೀಕರಣ ಮಾತ್ರ. ಇದು ಒಂದು ತಾರೆಯಿಂದ ಐದು ತಾರೆಯವರೆಗೆ, ಅದರ ಮೇಲೆ ಐದು ತಾರಾ ಡೀಲಕ್ಸ್ ಎಂದು ಇರುತ್ತದೆ. ಹಳೆಯ ಅರಮನೆ, ಬಂಗಲೆಗಳಲ್ಲಿ ನಡೆಯುವ ಹೋಟೆಲುಗಳಿಗೆ ಪಾರಂಪರಿಕ ವರ್ಗವು ಪ್ರತ್ಯೇಕವಾಗಿದೆ. ವರ್ಗೀಕರಣವು ಕಡ್ಡಾಯವಲ್ಲ, ಹೋಟೆಲಿನ ಮಾಲೀಕರು ತಾವಾಗಿಯೇ ಅರ್ಜಿ ಸಲ್ಲಿಸಿ ಪಡೆಯತಕ್ಕದ್ದು. ಆದ್ದರಿಂದ ತಾರೆಯಿಲ್ಲದ ಉತ್ತಮ ಹೋಟೆಲುಗಳೂ ಇವೆ. ಪ್ರಮಾಣಪತ್ರದ ಅವಧಿ ಮುಗಿದ ನಂತರವೂ ತಾರೆಗಳನ್ನು ಪ್ರದರ್ಶಿಸುವುದನ್ನು ಮಾತ್ರ ನಂಬಲಾಗದು. ಸ್ವಾಗತ ಮೇಜಿನಲ್ಲಿ ಪ್ರಮಾಣಪತ್ರವನ್ನೂ ಅದರ ಅವಧಿಯನ್ನೂ ಕೇಳಿ ನೋಡುವುದು ಉಚಿತ.

ಕೊಠಡಿ

ತಾರಾ ಹೋಟೆಲಿನಲ್ಲಿ ಕನಿಷ್ಠ 10 ಕೊಠಡಿಗಳಿರಬೇಕು ಮತ್ತು ಕೊಠಡಿಗಳಿಗೆ ಹೊರಗಿನ ಗಾಳಿ ಬೆಳಕು ಬರುವ ಕಿಟಕಿ ಇರಬೇಕು. ಕೊಠಡಿಯ ಕನಿಷ್ಠ ವಿಸ್ತೀರ್ಣವು ಸ್ನಾನಗೃಹವನ್ನು ಬಿಟ್ಟು ಮೂರು ತಾರೆಗೆ 130 ಚದರ ಅಡಿ, ನಾಲ್ಕು ತಾರೆಗೆ 140 ಚದರ ಅಡಿ ಹಾಗೂ ಐದು ತಾರೆಗೆ 200 ಚದರ ಅಡಿ. ಮೂರು ಮತ್ತು ನಾಲ್ಕು ತಾರೆಗಳ ನಡುವೆ ಕೊಠಡಿಯ ಅಳತೆಯಲ್ಲಿ ವ್ಯತ್ಯಾಸ ಅತ್ಯಲ್ಪ ಎಂಬುದು ಇದರಿಂದ ತಿಳಿಯುತ್ತದೆ. ಅಲ್ಲಿ ಹೆಚ್ಚುವರಿ ಹಣವು ಮುಖ್ಯವಾಗಿ ಸೌಕರ್ಯ ಮತ್ತು ಸೇವೆಗೆ ಸಲ್ಲುತ್ತದೆ. ವೃದ್ಧರನ್ನೂ ಮಕ್ಕಳನ್ನೂ ಕರೆದೊಯ್ಯುವ ಕುಟುಂಬವು ತಾರೆಗಳನ್ನು ಎಣಿಸುವುದಕ್ಕಿಂತ ಕೊಠಡಿಯ ಚದರ ಅಡಿಯನ್ನು ಕೇಳುವುದು ಲೇಸು.

ಸ್ಥಳದ ವಿಚಾರವೂ ಹೋಲಿಕೆಗೆ ಸೇರುತ್ತದೆ. ಬೆಂಗಳೂರನ್ನೇ ತೆಗೆದುಕೊಂಡರೆ, 1887ರಲ್ಲಿ ಆರಂಭವಾದ ವೆಸ್ಟ್ ಎಂಡ್ ಹೋಟೆಲು ರೇಸ್ ಕೋರ್ಸ್ ರಸ್ತೆಯಲ್ಲಿ ವಿಶಾಲವಾದ ಉದ್ಯಾನದ ನಡುವೆ ತಗ್ಗು ಕಟ್ಟಡಗಳಲ್ಲಿದೆ. ಪುತ್ತೂರು ಅಥವಾ ಸುಳ್ಯದಿಂದ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದಿಳಿಯುವವರಿಗೆ ಅದು ಹತ್ತಿರ. 2001ರಲ್ಲಿ ತೆರೆದ ಲೀಲಾ ಪ್ಯಾಲೇಸ್ ಇರುವುದು ನಗರದ ಪೂರ್ವಭಾಗದ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ. ಆ ರಸ್ತೆಯ ಹೆಸರನ್ನು ನಂಬಿ ವಿಮಾನಕ್ಕೆ ಹೊರಡುವವರು ಅಲ್ಲಿ ಕೊಠಡಿ ಕಾದಿರಿಸಿದರೆ ತೊಂದರೆಗೆ ಒಳಗಾಗುವರು. 2008ರ ಮೇ ತಿಂಗಳಿನಲ್ಲಿಯೇ ನಾಗರಿಕ ವಿಮಾನ ಸಂಚಾರವು ದೇವನಹಳ್ಳಿಗೆ ಸ್ಥಳಾಂತರಗೊಂಡಿದೆ.

ದರ್ಜೆ ಏರಿಕೆ ಮತ್ತು ತೆರಿಗೆ

ಕಾದಿರಿಸಿದ ಕೊಠಡಿಗಿಂತ ಮೇಲಿನ ದರ್ಜೆಯ ಕೊಠಡಿಯನ್ನು ನೀಡುವುದಕ್ಕೆ ಹೋಟೆಲಿನವರು ‘ಅಪ್‌ಗ್ರೇಡ್’ ಎನ್ನುವರು. ಉಚಿತವಾಗಿ ನೀಡಿದಲ್ಲಿ ಅದು ಹೋಟೆಲಿನ ವಿವೇಚನೆಗೆ ಬಿಟ್ಟ ವಿಷಯವೇ ಹೊರತು ಗ್ರಾಹಕರ ಹಕ್ಕಲ್ಲ. ಆದರೆ ಹಣ ಪಾವತಿಸಿ ಕಾದಿರಿಸಿದ ದರ್ಜೆಯ ಕೊಠಡಿಯನ್ನು ನೀಡದೆ ಕೆಳದರ್ಜೆಯ ಕೊಠಡಿಯನ್ನು ನೀಡಿದಲ್ಲಿ ಅದು ಸೇವಾ ನ್ಯೂನತೆಯಾಗಬಹುದು. ಆದ್ದರಿಂದ ಕಾದಿರಿಸಿದ ಪತ್ರದಲ್ಲಿ ಕೊಠಡಿಯ ದರ್ಜೆಯ ಹೆಸರು ಸ್ಪಷ್ಟವಾಗಿ ನಮೂದಾಗಿರುವುದನ್ನು ನೋಡಿಕೊಳ್ಳತಕ್ಕದ್ದು.

ಹಣ ನೀಡಿ ದರ್ಜೆ ಏರಿಸಿಕೊಳ್ಳುವವರು ತೆರಿಗೆಯ ಲೆಕ್ಕವನ್ನು ಅವಶ್ಯವಾಗಿ ಗಮನಿಸಬೇಕು. ಕರ್ನಾಟಕದಲ್ಲಿ 1979ರ ಅಧಿನಿಯಮದಂತೆ ವಸೂಲಾಗುತ್ತಿದ್ದ ವಿಲಾಸ ತೆರಿಗೆಯು 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ವಿಲೀನಗೊಂಡಿದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಕೊಠಡಿಯ ದಿನದ ಮೌಲ್ಯ ರೂ. 7,500ರವರೆಗೆ ಇದ್ದಲ್ಲಿ ತೆರಿಗೆ ಶೇ. 5, ಅದನ್ನು ಮೀರಿದಲ್ಲಿ ಪೂರ್ಣ ಮೊತ್ತದ ಮೇಲೆ ಶೇ. 18. ಹೆಚ್ಚಾದ ಭಾಗಕ್ಕೆ ಮಾತ್ರ ಶೇ. 18 ಎಂಬ ಭಾವನೆ ಅನೇಕರಲ್ಲಿದೆ, ಅದು ಸರಿಯಲ್ಲ.

ಉದಾಹರಣೆಗೆ, ರೂ. 7,500ರ ಕೊಠಡಿಗೆ ತೆರಿಗೆ ರೂ. 375 ಸೇರಿ ರೂ. 7,875 ಆಗುತ್ತದೆ. ಅದೇ ಕೊಠಡಿಯನ್ನು ಕೇವಲ ರೂ. 500 ಹೆಚ್ಚು ಕೊಟ್ಟು ಮೇಲ್ದರ್ಜೆಗೆ ಏರಿಸಿಕೊಂಡರೆ ರೂ. 8,000ಕ್ಕೆ ತೆರಿಗೆ ರೂ. 1,440 ಸೇರಿ ರೂ. 9,440 ಪಾವತಿಸಬೇಕಾಗುತ್ತದೆ. ಸ್ವಾಗತ ಮೇಜಿನಲ್ಲಿ ‘ಐನೂರು ಮಾತ್ರ’ ಎಂದು ಹೇಳಿದ ದರ್ಜೆ ಏರಿಕೆಯ ನಿಜವಾದ ವೆಚ್ಚ ರೂ. 1,565. ತೆರಿಗೆಯನ್ನು ನಿರ್ಧರಿಸುವುದು ವಾಸ್ತವವಾಗಿ ವಿಧಿಸಿದ ಮೊತ್ತವೇ ಹೊರತು ಫಲಕದ ಮೇಲಿನ ದರವಲ್ಲ. ಹೀಗಾಗಿ ರಿಯಾಯಿತಿಯ ನಂತರ ರೂ. 7,400ಕ್ಕೆ ದೊರೆತ ರೂ. 9,000ದ ಕೊಠಡಿಗೆ ಶೇ. 5 ಮಾತ್ರ ಅನ್ವಯವಾಗುತ್ತದೆ.

ಊಟದ ಬಿಲ್ಲು ಬೇರೆ ವಿಷಯ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದಾದರೂ ಕೊಠಡಿಯನ್ನು ದಿನಕ್ಕೆ ರೂ. 7,500 ಮೀರಿದ ಮೌಲ್ಯಕ್ಕೆ ನೀಡಿದ್ದ ಹೋಟೆಲಿನ ಆವರಣದಲ್ಲಿ ಊಟೋಪಹಾರಕ್ಕೆ ಶೇ. 18 ತೆರಿಗೆಯಿದೆ. ಸಾಮಾನ್ಯ ಉಪಾಹಾರ ಗೃಹದಲ್ಲಿ ಇದು ಶೇ. 5. ಅಗ್ಗದ ಕೊಠಡಿ ಹಿಡಿದವರಿಗೂ ಆ ಆವರಣದೊಳಗೆ ಶೇ. 18ರ ದರವೇ ಅನ್ವಯ. ನಾಲ್ಕೈದು ಮಂದಿಯ ಕುಟುಂಬವು ಹೊರಗೆ ಊಟ ಮಾಡುವುದಾದರೆ ಈ ವ್ಯತ್ಯಾಸ ಗಣನೀಯವಾಗುತ್ತದೆ.

ಸೇವೆ ಮತ್ತು ಸೇವಾ ಶುಲ್ಕ

ಸೇವೆಯನ್ನು ಹೋಲಿಸುವುದು ಸುಲಭವಲ್ಲ. ರಾತ್ರಿ ವೇಳೆ ಕೊಠಡಿಗೆ ಊಟ ಸಿಗುವುದೇ, ಚೆಕ್‌ಇನ್ ವೇಳೆ ಯಾವುದು, ಬೆಳಗಿನ ಉಪಾಹಾರ ದರದಲ್ಲಿ ಸೇರಿದೆಯೇ, ರದ್ದುಪಡಿಸಿದಲ್ಲಿ ಹಣ ಮರಳುವುದೇ ಎಂಬುದನ್ನು ಮೊದಲೇ ಲಿಖಿತವಾಗಿ ಪಡೆದುಕೊಂಡಲ್ಲಿ ಅರ್ಧ ಹೋಲಿಕೆ ಮುಗಿದಂತೆ. ನಮ್ಮ ಕಡೆಯ ವಸತಿಗೃಹಗಳಲ್ಲಿ ಬಂದ ಗಳಿಗೆಯಿಂದ 24 ಗಂಟೆ ಎಂಬ ಪದ್ಧತಿ ಸಾಮಾನ್ಯ. ನಗರದ ದೊಡ್ಡ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಕೊಠಡಿ ನೀಡಿ ಮರುದಿನ ಮಧ್ಯಾಹ್ನದ ಹೊತ್ತಿಗೆ ತೆರವುಗೊಳಿಸಲು ಹೇಳುವರು. ರಾತ್ರಿ ಬಸ್ಸಿನಲ್ಲಿ ಹೊರಟು ಮುಂಜಾನೆ ಐದಕ್ಕೆ ತಲುಪುವ ಸುಳ್ಯದ ಪ್ರಯಾಣಿಕರು ಏಳೆಂಟು ಗಂಟೆ ಕಾಯಬೇಕಾದೀತು, ಇಲ್ಲವೇ ಹಿಂದಿನ ದಿನದ ಬಾಡಿಗೆಯನ್ನೂ ತೆರಬೇಕಾದೀತು.

ಸೇವಾ ಶುಲ್ಕವನ್ನು ತೆರಿಗೆ ಎಂದು ಭಾವಿಸತಕ್ಕದ್ದಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜುಲೈ 4ರ ಮಾರ್ಗಸೂಚಿಯಂತೆ ಹೋಟೆಲು ಅಥವಾ ಉಪಾಹಾರ ಗೃಹವು ಇದನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿಯೂ ವಸೂಲು ಮಾಡುವಂತಿಲ್ಲ. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಸದರಿ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ಸೇವೆ ಮೆಚ್ಚುಗೆಯಾದಲ್ಲಿ ಭಕ್ಷೀಸು ನೀಡುವುದು ಗ್ರಾಹಕರ ಇಚ್ಛೆಗೆ ಬಿಟ್ಟದ್ದು.

ಈ ಮೂರು ತಾಲ್ಲೂಕುಗಳಲ್ಲಿ

ಇಲ್ಲಿಯ ವಸತಿಯ ಬಹುಭಾಗವು ವಸತಿಗೃಹಗಳು, ಹೋಂಸ್ಟೇಗಳು ಹಾಗೂ ದೇವಾಲಯದ ಕೊಠಡಿಗಳಿಂದ ಕೂಡಿದೆ. ಕುಕ್ಕೆ ಸುಬ್ರಹ್ಮಣ್ಯವು ಮೊದಲು ಸುಳ್ಯ ತಾಲ್ಲೂಕಿನಲ್ಲಿದ್ದು ಈಗ ಕಡಬ ತಾಲ್ಲೂಕಿಗೆ ಸೇರಿದೆ. ಹಳೆಯ ವಿಳಾಸಗಳಲ್ಲಿ ಸುಳ್ಯ ಎಂದೇ ಇರುವುದರಿಂದ ಪರಸ್ಥಳದವರು ಗೊಂದಲಗೊಳ್ಳಬಾರದು. ಸರ್ಪಸಂಸ್ಕಾರ ಸೇವೆಯು ಎರಡು ದಿನಗಳದ್ದಾಗಿರುವುದರಿಂದ ಭಕ್ತರು ಅಲ್ಲಿ ತಂಗಲೇಬೇಕಾಗುತ್ತದೆ. ಚಂಪಾಷಷ್ಠಿಯ ದಿನಗಳಲ್ಲಿ ಕೊಠಡಿ ದೊರೆಯುವುದು ದುರ್ಲಭ. ಪುತ್ತೂರಿನಲ್ಲಿ ಏಪ್ರಿಲ್ ತಿಂಗಳ ಮಹಾಲಿಂಗೇಶ್ವರ ದೇವರ ಜಾತ್ರೆಯ ವೇಳೆಯೂ ಇದೇ ಸ್ಥಿತಿ. ಧಾರ್ಮಿಕ ದತ್ತಿ ಸಂಸ್ಥೆಗಳು ದೇವಾಲಯದ ಆವರಣದಲ್ಲಿ ದಿನಕ್ಕೆ ರೂ. 1,000ಕ್ಕಿಂತ ಕಡಿಮೆ ಬಾಡಿಗೆಗೆ ನೀಡುವ ಕೊಠಡಿಗೆ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿ ಇದೆ.

ದೂರು ಸಲ್ಲಿಸುವ ಬಗೆ

ಮೊದಲು ಹೋಟೆಲಿನ ವ್ಯವಸ್ಥಾಪಕರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆ ನಂತರವೂ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು. ಆದ್ದರಿಂದ ಬೆಂಗಳೂರಿನ ಅಥವಾ ಮುಂಬಯಿಯ ಹೋಟೆಲಿನ ವಿರುದ್ಧದ ದೂರನ್ನು ಕಡಬದ ನಿವಾಸಿಯು ಮಂಗಳೂರಿನಲ್ಲಿರುವ ಆಯೋಗಕ್ಕೆ ಸಲ್ಲಿಸಬಹುದು, ಆ ನಗರಕ್ಕೆ ಅಲೆಯಬೇಕಾಗಿಲ್ಲ. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವ್ಯಾಜ್ಯಕ್ಕೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಕಾದಿರಿಸಿದ ಪತ್ರ, ಪಾವತಿಯ ರಸೀದಿ, ತೆರಿಗೆ ವಿವರವುಳ್ಳ ಅಂತಿಮ ಬಿಲ್ಲು ಮತ್ತು ಹೋಟೆಲಿಗೆ ನೀಡಿದ ದೂರಿನ ಪ್ರತಿಯನ್ನು ಲಗತ್ತಿಸತಕ್ಕದ್ದು.