ನಿರ್ವಿಷ ಆಹಾರ: ಒಂದು ಐತಿಹಾಸಿಕ ಅವಲೋಕನ

ಅನ್ನಕ್ಕೆ ಮಣ್ಣೇ ಮೂಲ. ಮಣ್ಣಿಗೆ ಸೇರಿಸಿದುದು ಉಣ್ಣುವವನ ಒಡಲನ್ನೂ ಸೇರುವುದೆಂಬ ಅರಿವು ಈ ನಾಡಿನ ಒಕ್ಕಲುಮಕ್ಕಳಿಗೆ ಹೊಸದಲ್ಲ. ಕೊಟ್ಟಿಗೆ ಗೊಬ್ಬರ, ಹಸುರೆಲೆ, ಬೂದಿ, ಕೆರೆಯ ಹೂಳು ಇವುಗಳ ಬಲದಿಂದಲೇ ಹೊಲಗದ್ದೆಗಳು ತಲೆತಲಾಂತರದಿಂದ ಫಲವತ್ತಾಗಿ ಉಳಿದುಬಂದುವು.

ಈ ಅರಿವಿಗೆ ಶಾಸ್ತ್ರದ ಚೌಕಟ್ಟನ್ನು ಒದಗಿಸಿದವರಲ್ಲಿ ಆಂಗ್ಲ ಸಸ್ಯವಿಜ್ಞಾನಿ ಆಲ್ಬರ್ಟ್ ಹೊವಾರ್ಡರು ಅಗ್ರಗಣ್ಯರು. 1905ರಲ್ಲಿ ಭಾರತಕ್ಕೆ ಬಂದು ಬಿಹಾರದ ಪೂಸಾದಲ್ಲಿ ಸಂಶೋಧನೆ ಕೈಗೊಂಡ ಅವರು, ಇಲ್ಲಿಯ ರೈತರನ್ನೇ ಗುರುಗಳೆಂದು ಭಾವಿಸಿದರು. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದಾಗ, ಬೆಳೆಯ ಕಸಕಡ್ಡಿ, ಸಗಣಿ, ಗಂಜಲದಲ್ಲಿ ನೆನೆದ ಮಣ್ಣು, ಬೂದಿಗಳನ್ನು ಪದರಪದರವಾಗಿ ಹರಡಿ, ಆಗಾಗ ಮಗುಚಿ, ಸುಮಾರು ಮೂರು ತಿಂಗಳಲ್ಲಿ ಕಳಿತ ಗೊಬ್ಬರವನ್ನು ಪಡೆಯುವ ‘ಇಂದೂರು ಪದ್ಧತಿ’ಯನ್ನು ರೂಪಿಸಿದರು. ಮಣ್ಣು, ಬೆಳೆ, ಪಶು, ಮನುಷ್ಯ ಇವುಗಳ ಆರೋಗ್ಯವು ಒಂದೇ ಸರಪಳಿಯೆಂಬುದು 1940ರಲ್ಲಿ ಪ್ರಕಟವಾದ ಅವರ ಗ್ರಂಥದ ಸಾರ.

ಆದರೆ ಕಾಲವು ಬೇರೆ ದಾರಿ ಹಿಡಿಯಿತು. ಡಿ.ಡಿ.ಟಿ.ಯ ಕೀಟನಾಶಕ ಗುಣ 1939ರಲ್ಲಿ ಪತ್ತೆಯಾಯಿತು. ಅದನ್ನು ಕಂಡುಹಿಡಿದ ಪಾಲ್ ಮುಲ್ಲರರಿಗೆ 1948ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು. ರಾಸಾಯನಿಕ ಗೊಬ್ಬರ, ಸುಧಾರಿತ ತಳಿಗಳೊಡನೆ ಹಸುರು ಕ್ರಾಂತಿಯು ದೇಶದ ಹಸಿವನ್ನು ತಗ್ಗಿಸಿತೆಂಬುದು ನಿರ್ವಿವಾದ. ಅದರ ಬೆಲೆಯೂ ಕಡಿಮೆಯದಾಗಿರಲಿಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ವಿಷ ಬೆರೆತ ಗೋಧಿಹಿಟ್ಟನ್ನು ಉಂಡು ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. 1968ರ ಕೀಟನಾಶಕ ಕಾಯಿದೆಗೆ ಈ ದುರಂತವೂ ಪ್ರೇರಣೆಯಾಯಿತು. ಕಾಸರಗೋಡು ಹಾಗೂ ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಳ ಕಾಲ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ಅಲ್ಲಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಅಂಗವಿಕಲರಾಗಿ ಹುಟ್ಟಿದರು. ಇದಕ್ಕೆ ಆ ವಿಷವೇ ಕಾರಣವೆಂದು ತಾಯಂದಿರು ಮೊರೆಯಿಟ್ಟರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೇಶದಾದ್ಯಂತ ತಡೆಹಿಡಿಯಿತು.

ಹಾಗಾದರೆ ಸಾವಯವ ಆಹಾರದಿಂದ ಉಣ್ಣುವವನಿಗೆ ಆಗುವ ಲಾಭವೇನು? 2006ರಲ್ಲಿ ಪ್ರಕಟವಾದ ಅಮೆರಿಕೆಯ ಅಧ್ಯಯನವೊಂದರಲ್ಲಿ 23 ಮಕ್ಕಳಿಗೆ ಐದು ದಿನ ಬಹುಮಟ್ಟಿಗೆ ಸಾವಯವ ಆಹಾರವನ್ನು ಕೊಡಲಾಯಿತು. ಮಲಾಥಿಯಾನ್, ಕ್ಲೋರ್‌ಪೈರಿಫಾಸ್ ವಿಷಗಳ ಕುರುಹು ಅವರ ಮೂತ್ರದಲ್ಲಿ ಬಹುತೇಕ ಕಾಣದಾಯಿತು. ಹಳೆಯ ಆಹಾರಕ್ಕೆ ಮರಳಿದೊಡನೆ ಅದು ಮತ್ತೆ ಕಾಣಿಸಿಕೊಂಡಿತು. ಪೋಷಕಾಂಶಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. 2012ರ ವಿಮರ್ಶೆಯೊಂದು ಹೇಳಿಕೊಳ್ಳುವಂಥ ಅಂತರವಿಲ್ಲವೆಂದರೆ, 2014ರ ಮತ್ತೊಂದು ವಿಮರ್ಶೆ ಸಾವಯವ ಬೆಳೆಗಳಲ್ಲಿ ಕ್ಯಾಡ್ಮಿಯಮ್ ಕಡಿಮೆಯೆಂದೂ ದೇಹರಕ್ಷಕ ಸತ್ತ್ವಗಳು ಹೆಚ್ಚೆಂದೂ ಹೇಳಿತು. ಆದರೆ ವಿಷಶೇಷವು ಕಡಿಮೆಯೆಂಬುದನ್ನು ಎರಡೂ ಒಪ್ಪಿವೆ.

ಈ ಲಾಭವು ಮೊದಲು ದೊರೆಯುವುದು ಉಣ್ಣುವವನಿಗಲ್ಲ, ಸಿಂಪಡಿಸುವ ಕೈಗೆ. ವಿಷದ ಆವಿಯನ್ನು ಮೊದಲು ಉಸಿರಾಡುವವನು ರೈತನೇ. 2004ರಲ್ಲಿ ಕರ್ನಾಟಕ ಸರ್ಕಾರವು ಸಾವಯವ ಕೃಷಿನೀತಿಯನ್ನು ಪ್ರಕಟಿಸಿ ಮಾರ್ಗವನ್ನು ತೆರೆಯಿತು. ಆದರೆ ರಾಸಾಯನಿಕಗಳನ್ನು ಬಿಟ್ಟ ಮೊದಲ ಎರಡು ಮೂರು ವರ್ಷ ಇಳುವರಿ ತಗ್ಗುವುದುಂಟು. ಆ ನಷ್ಟವನ್ನು ರೈತನೊಬ್ಬನೇ ಹೊರಲಾರ. ನಿರ್ವಿಷ ಅನ್ನವನ್ನು ಬಯಸುವವರು ನ್ಯಾಯವಾದ ಬೆಲೆ ತೆತ್ತು ಆ ಹೊರೆಗೆ ಹೆಗಲು ಕೊಡುವುದು ಧರ್ಮ. ಮಣ್ಣಿನ ಋಣವನ್ನು ತೀರಿಸುವ ಬಗೆಯೂ ಅದೇ.